ಸೀಗಿ ಹುಣ್ಣಿಮೆಯ ತ್ವಾಳ

ಸುರಪುರದಲ್ಲಿ ಒಂದು ನಾಟಕ ಹೇಳಿದ ಹೊತ್ತಿಗೆ ಸರಿಯಾಗಿ ಸುರುವಾದದ್ದನ್ನು ನಾನು ಈ ಜೀವಮಾನದಲ್ಲಿ ಒಂದೇ ಸಲ ನೋಡಿದ್ದೇನೆ. ಅದನ್ನು ಸುರು ಮಾಡಿಸಿದವಳು ನಾನೇ. ಅದು ಮುಗಿದ ರೀತಿಗೆ ಮಾತ್ರ ನಾನು ಜವಾಬ್ದಾರಳಲ್ಲ. ಆ ಜವಾಬ್ದಾರಿ ಕುರಿಗಳದ್ದು.

ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸೋದರಮಾವ ಗಡಿಯ ಆಚೆ, ವಿಜಾಪುರಕ್ಕೆ ಕರೆದುಕೊಂಡು ಹೋದ. ಅಣ್ಣ ನಮ್ಮ ತಾಯಿ, ಯವ್ವನ ಹತ್ತಿರ ಸುರಪುರದಲ್ಲೇ ಉಳಿದ. ಗಡಿಯ ಆಚೆ ಮುಂಬಯಿ ಪ್ರಾಂತ, ಈಚೆ ನಿಜಾಮರ ಸೀಮೆ. ಆಚೆ ಕನ್ನಡ ಶಾಲೆ, ಈಚೆ ಉರ್ದು. ಹೀಗಾಗಿ ಒಬ್ಬಳೇ ತಾಯಿಯ ಮಕ್ಕಳು ಎರಡು ಲಿಪಿ ಕಲಿತೆವು. ರಜೆಗೆ ಬಂದಾಗ ನಾವಿಬ್ಬರೂ ಅಂಗಳದ ಮಣ್ಣಿನಲ್ಲಿ ಅಕ್ಕಪಕ್ಕ ಕುಳಿತು ಒಂದೇ ಸಾಲಿನಲ್ಲಿ ಬರೆಯುತ್ತಿದ್ದರೆ ಯವ್ವ ನಗುತ್ತಿದ್ದಳು.

"ಒಬ್ಬಾಂವ ಬಲಗಡಿಯಿಂದ ಬರೀತಾನ, ಒಬ್ಬಾಕಿ ಎಡಗಡಿಯಿಂದ ಬರೀತಾಳ. ನಡುವ ಹಣಿಗೆ ಹಣಿ ಬಡಕೊಂಡ್ರ ಎಣ್ಣಿ ಹಚ್ಚಾಕ ನಾ ಕುಂದರಬೇಕು."

ವಿಜಾಪುರದಲ್ಲಿ ನಾನಿದ್ದದ್ದು ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ. ಏಳುವುದಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ಊಟಕ್ಕೆ ಗಂಟೆ, ಸುಮ್ಮನಿರುವುದಕ್ಕೂ ಗಂಟೆ. ಉಳಿದ ಹುಡುಗಿಯರು ಆ ಗಂಟೆಯನ್ನು ಶಪಿಸುತ್ತಿದ್ದರು. ನನಗೆ ಅದು ಹಿಡಿಸಿತು. ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ ಮತ್ತೆ ನೆನಪಿಗೆ ಬಂದು ಕಾಡುವುದಿಲ್ಲ, ಅಷ್ಟು ಸಾಕು. ಟ್ರೇನಿಂಗ್ ಮುಗಿಸಿ ನಾನು ಊರಿಗೆ ಬಂದು ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾದಾಗ, ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಹಿತ್ತಾಳೆಯ ಕೈಗಂಟೆ ತಂದಿದ್ದೆ.

ಅಷ್ಟರಲ್ಲಿ ನಿಜಾಮರ ಆಡಳಿತ ಹೋಗಿ ಕೆಲವು ವರ್ಷ ಕಳೆದು, ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿತ್ತು. ಕಚೇರಿಗಳ ಬೋರ್ಡು ಬದಲಾದವು. ಬೋರ್ಡು ಬದಲಾಯಿಸುವುದು ಸುಲಭ, ಅದರ ಕೆಳಗೆ ಕುಳಿತ ಗುಮಾಸ್ತರನ್ನು ಬದಲಾಯಿಸುವುದು ಕಷ್ಟ. ಅಣ್ಣ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನ ಉರ್ದು ಅಕ್ಷರ ನೋಡಿದರೆ ಯಾರೋ ಮಲ್ಲಿಗೆಯ ಬಳ್ಳಿ ಹಬ್ಬಿಸಿದ್ದಾರೆ ಅನ್ನಿಸಬೇಕು. ಅಂಥವನಿಗೆ ಈಗ ಆದೇಶ ಬಂತು: ಕನ್ನಡದ ಪರೀಕ್ಷೆ ಪಾಸಾದರೆ ಇಲ್ಲಿ, ಇಲ್ಲದಿದ್ದರೆ ಹೈದರಾಬಾದಿನ ಕಚೇರಿಗೆ.

ಹೈದರಾಬಾದು ಎಂದೊಡನೆ ಯವ್ವ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನನ್ನ ಕುರಿ ಎಲ್ಲಿ ಕಟ್ಟಲಿ?"

ಅಂದರೆ ಅವಳು ಹೋಗುವುದಿಲ್ಲ ಎಂದರ್ಥ. ಅವಳು ಹೋಗದಿದ್ದರೆ ಅಣ್ಣನೂ ಹೋಗುವವನಲ್ಲ. ಹೋಗದಿದ್ದರೆ ನೌಕರಿ ಇಲ್ಲ. ನಮ್ಮ ಮನೆಯ ಲೆಕ್ಕ ಇಷ್ಟೇ ಇತ್ತು.

ಬರವಣಿಗೆಯ ಪರೀಕ್ಷೆಗೆ ನಾನು ಅವನನ್ನು ತಯಾರು ಮಾಡಿದೆ. ಬೆಳಿಗ್ಗೆ ಸ್ನಾನವಾದ ಮೇಲೆ, ರೊಟ್ಟಿ ಬಡಿಯುವುದಕ್ಕೆ ಮೊದಲು, ದಿನಾ ಕಾಗುಣಿತ. ನಾನು ಗಂಟೆ ಬಾರಿಸಿದರೆ ಅವನು ಬಂದು ಕುಳಿತುಕೊಳ್ಳಬೇಕು. "ಮನ್ಯಾಗ ಹೆಡ್ಮಾಸ್ತರ ಹುಟ್ಯಾಳ" ಎಂದು ಗೊಣಗುತ್ತ ಬರುತ್ತಿದ್ದ. ಆದರೆ ಪಾಸಾದ. ಕೆಟ್ಟದ್ದು ಬಾಯಿ ಮಾತಿನ ಪರೀಕ್ಷೆಯಲ್ಲಿ.

ಮನೆಯಲ್ಲಿ ಅವನ ನಾಲಿಗೆ ನಿಂತದ್ದೇ ಇಲ್ಲ. ಹುಟ್ಟಿದ್ದು ಕನ್ನಡದಲ್ಲಿ, ಕುರಿ ಕಾಯ್ದದ್ದು ಕನ್ನಡದಲ್ಲಿ, ಜಗಳ ಆಡುವುದು ಕನ್ನಡದಲ್ಲಿ. ಆದರೆ ಕುರ್ಚಿಯಲ್ಲಿ ಕುಳಿತ ಸಾಹೇಬರ ಎದುರು ನಿಂತರೆ ಅವನೊಳಗಿನ ಶಾಲೆಯ ಹುಡುಗ ಎದ್ದು ನಿಂತು ಉರ್ದುವಿನಲ್ಲಿ ಉತ್ತರ ಕೊಟ್ಟುಬಿಡುತ್ತಿದ್ದ. ಮೊದಲ ಸಲ ಪರೀಕ್ಷೆ ಮಾಡಲು ಬಂದಿದ್ದವರು, "ನಿಮ್ಮ ಊರಿನ ಬಗ್ಗೆ ಹೇಳಿ" ಎಂದು ಕೇಳಿದ್ದರಂತೆ. ಅಣ್ಣ ನಮ್ಮೂರಿನ ಬೆಟ್ಟ, ಕೋಟೆ, ಕೆರೆ ಎಲ್ಲವನ್ನೂ ಬಹಳ ಸೊಗಸಾಗಿ ವರ್ಣಿಸಿದ್ದ. ಪೂರ್ತಿ ಉರ್ದುವಿನಲ್ಲಿ. ಹೊರಗೆ ಬಂದ ಮೇಲೆಯೇ ಅವನಿಗೆ ಅದು ಗೊತ್ತಾದದ್ದು.

ಇನ್ನೊಂದು ಅವಕಾಶವಿತ್ತು, ಮಹಾನವಮಿಯ ನಂತರ. ಅದೇ ಕೊನೆಯದು.

ನಮ್ಮ ಕಡೆ ಮಹಾನವಮಿಯಿಂದ ದೀಪಾವಳಿಯವರೆಗೆ ನಾಟಕದ ಹಂಗಾಮು. ಮಳೆ ನಿಂತಿರುತ್ತದೆ, ಸಜ್ಜೆ ಕೊಯ್ಲಾಗಿರುತ್ತದೆ, ಜನರ ಕೈ ಖಾಲಿ, ಮನಸ್ಸು ಹಗುರ. ಆ ವರ್ಷ ಗಂಡುಮಕ್ಕಳ ಹೈಸ್ಕೂಲಿಗೆ ಮೈಸೂರಿನ ಕಡೆಯಿಂದ ಹೊಸ ಹೆಡ್ಮಾಸ್ತರರು ಬಂದಿದ್ದರು. ತೆಳ್ಳಗಿನ, ಬೆಳ್ಳಗಿನ, ಬಹಳ ಉತ್ಸಾಹದ ಮನುಷ್ಯ. ಕಾಲೇಜಿನಲ್ಲಿ ಇಂಗ್ಲಿಷ್ ದೆವ್ವದ ಕಾದಂಬರಿಗಳನ್ನು ಓದಿ ಓದಿ ಹೆದರಿಕೊಂಡವರು. ಆ ಹೆದರಿಕೆಯನ್ನು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡು, ನಮ್ಮೂರಿನ ಪಾಳುಬಿದ್ದ ಕೋಟೆ ನೋಡಿದ ಮೇಲೆ ಒಂದು ನಾಟಕ ಬರೆದುಬಿಟ್ಟಿದ್ದರು. ಪಾಳುಕೋಟೆಯ ಒಡೆಯನಿಗೆ ತೋಳ ಕಚ್ಚುತ್ತದೆ. ಅಂದಿನಿಂದ ಪ್ರತಿ ಹುಣ್ಣಿಮೆಗೆ ಅವನ ಮೈಮೇಲೆ ಕೂದಲು ಬೆಳೆದು, ಉಗುರು ಉದ್ದವಾಗಿ ಅವನೇ ತೋಳವಾಗುತ್ತಾನೆ. ಪ್ರೀತಿಸಿದ ಹುಡುಗಿ ಬೆಳ್ಳಿಯ ಆಭರಣ ತಾಗಿಸಿದರೆ ಶಾಪ ಬಿಡುತ್ತದೆ. ನಾಟಕದ ಹೆಸರು 'ತೋಳಮಾನವ'. ಆಡುವುದು ದಸರೆ ಕಳೆದ ಮೇಲಿನ ಸೀಗಿ ಹುಣ್ಣಿಮೆಯ ಸಂಜೆ, ನಿಜವಾದ ಚಂದ್ರನ ಕೆಳಗೆ.

ನನ್ನನ್ನು ಅವರು ಕರೆಸಿದ್ದು ಪರದೆಯ ಹಿಂದೆ ನಿಂತು ಮಾತು ನೆನಪಿಸಿಕೊಡುವುದಕ್ಕೆ. ಊರಲ್ಲಿ ಕನ್ನಡವನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಓದುವವರು ಇನ್ನೂ ಕಡಿಮೆ. ನಾನು ಒಪ್ಪಿಕೊಂಡೆ. ಎರಡು ಶರತ್ತು ಹಾಕಿದೆ. ಒಂದು, ತಾಲೀಮು ಗಂಟೆಯ ಪ್ರಕಾರ ನಡೆಯಬೇಕು. ಇನ್ನೊಂದು, ಅಣ್ಣನಿಗೆ ಒಂದು ಪಾತ್ರ ಕೊಡಬೇಕು. ಜನರ ಎದುರು ನಿಂತು ಕನ್ನಡ ಮಾತಾಡಿ ಮಾತಾಡಿ ಅವನ ಅಂಜಿಕೆ ಹೋಗಲಿ ಎಂಬುದು ನನ್ನ ಲೆಕ್ಕ.

ಅಣ್ಣ ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ಹಂಚಿಕೆ ಹಾಕಿದ.

"ತ್ವಾಳದ ಪಾಲ್ಟ್ ಕೊಡಸು, ಮಾಡ್ತೀನಿ. ತ್ವಾಳ ಏನ ಮಾತಾಡ್ತೈತಿ? ಬರೇ ಕೂಗೂದು."

ಹೆಡ್ಮಾಸ್ತರರ ಎದುರು ನಿಂತು ಒಂದು ಸಲ ಕೂಗಿ ತೋರಿಸಿದ. ಸಣ್ಣವನಿದ್ದಾಗ ಕುರಿಯ ಹಿಂದೆ ತಿರುಗುವಾಗ ಕಲಿತ ಕೂಗು ಅದು. ಮೊದಲು ಸಣ್ಣದಾಗಿ ಎದ್ದು, ನಡುವೆ ಮುರಿದು, ಕೊನೆಯಲ್ಲಿ ಬೆಟ್ಟಕ್ಕೆ ಹೋಗಿ ತಾಗಿ ವಾಪಸು ಬರುತ್ತಿತ್ತು. ಹೆಡ್ಮಾಸ್ತರರ ಕೈಯಲ್ಲಿದ್ದ ಚಹಾದ ಕಪ್ಪುಬಸಿ ಗಡಗಡ ಅಂದಿತು.

"ಅದ್ಭುತ! ನೀವೇ ನಾಯಕ!" ಎಂದರು.

"ನಾಯಕ ಅಲ್ರಿ, ನಾ ತ್ವಾಳ ಆಗ್ತೀನ್ರಿ."

"ಇಬ್ಬರೂ ಒಬ್ಬರೇ ಅಲ್ಲವೇನಪ್ಪಾ, ಅದೇ ನಾಟಕ!" ಎಂದು ಅವರು ಒಂದು ಕಟ್ಟು ಹಾಳೆ ಅವನ ಕೈಗಿಟ್ಟರು. ಅದು ಒಡೆಯನ ಮಾತುಗಳು. ಅಣ್ಣ ನನ್ನ ಕಡೆ ನೋಡಿದ ನೋಟ ಇಂದಿಗೂ ನೆನಪಿದೆ.

ತಾಲೀಮು ದಿನಾ ಸಂಜೆ ಹೈಸ್ಕೂಲಿನ ಅಂಗಳದಲ್ಲಿ. ನಾನು ಗಂಟೆ ಬಾರಿಸಿದರೆ ಸುರು, ಮತ್ತೆ ಬಾರಿಸಿದರೆ ಬಂದ್. ಹುಡುಗಿಯ ಪಾತ್ರ ಊರಿನ ಪೋಸ್ಟ್‌ಮನ್‌ನದು. ಸಣ್ಣ ದನಿ, ಸಣ್ಣ ನಡು, ಆದರೆ ತುಂಬು ಮೀಸೆ. ಮೀಸೆ ತೆಗೆಯಲು ಅವನು ಸುತಾರಾಂ ಒಪ್ಪಲಿಲ್ಲ. "ಮೀಸಿ ತಗದ್ರ ನಾಳೆ ಯಾರ ಮನ್ಯಾಗೂ ಮನಿಆರ್ಡರ್ ಕೊಡಾಕ ಬಿಡಂಗಿಲ್ರಿ, ಗುರ್ತನ ಹತ್ತಂಗಿಲ್ಲ." ಕೊನೆಗೆ ಸೆರಗನ್ನು ಮೂಗಿನವರೆಗೆ ಹಿಡಿದುಕೊಳ್ಳುವುದು ಎಂದು ತೀರ್ಮಾನವಾಯಿತು. ಬಹಳ ನಾಚಿಕೆಯ ಹುಡುಗಿ ಎಂದು ಜನ ತಿಳಿಯುತ್ತಾರೆ ಎಂದು ಹೆಡ್ಮಾಸ್ತರರು ಸಮಾಧಾನ ಮಾಡಿಕೊಂಡರು.

ಅಣ್ಣನ ದೊಡ್ಡ ಮಾತು ಚಂದ್ರನನ್ನು ಕುರಿತದ್ದು. "ಎಲೈ ಪೂರ್ಣಚಂದ್ರನೇ! ನಿನ್ನ ಕಿರಣಗಳು ನನ್ನ ರೋಮಕೂಪಗಳಲ್ಲಿ ಸೂಜಿಗಳಂತೆ ನಾಟುತ್ತಿವೆ!" ಎಂದು ಅದರ ಸುರು. ಅವನು ಮನೆಯಲ್ಲಿ ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನೇ ಹೇಳಿಕೊಳ್ಳುತ್ತಿದ್ದ.

"ತಂಗೀ, ರೋಮಕೂಪ ಅಂದ್ರ ಏನ?"

"ಕೂದಲ ಹುಟ್ಟೂ ತೂತು."

"ತೂತು ಅನ್ನಾಕ ಏನ ಧಾಡಿಯಾಗಿತ್ತು ಇವರಿಗೆ?"

ಒಲೆಯ ಮುಂದಿನಿಂದ ಯವ್ವ ಹೇಳುತ್ತಿದ್ದಳು, "ಚಂದ್ರಗ ಯಾಕ ಬೈತಾನ ಆ ಒಡೆಯ? ಹುಣ್ಣಿಮಿ ದಿನಾ ಎಷ್ಟ ಚಂದ ಇರ್ತಾನಂವ."

ಪರದೆಗಳನ್ನು ಶಹಾಪುರದಲ್ಲಿ ಮುಚ್ಚಿಹೋಗಿದ್ದ ಒಂದು ನಾಟಕ ಕಂಪನಿಯಿಂದ ತಂದೆವು. ಮುಂದಿನ ಪರದೆ ಬಿಟ್ಟರೆ ಅಲ್ಲಿ ಉಳಿದಿದ್ದದ್ದು ಒಂದೇ ಒಂದು, ರಾಜದರ್ಬಾರು. ಅದನ್ನೇ ಹಿಂದುಮುಂದಾಗಿ ಕಟ್ಟಿದರೆ ಬಣ್ಣ ಮಸುಕಾಗಿ ಕಂಬಗಳು ಪಾಳುಬಿದ್ದಂತೆ ಕಾಣುತ್ತಿದ್ದವು. ತೋಳದ ಚರ್ಮಕ್ಕೆ ನಮ್ಮ ಮನೆಯ ಕರಿ ಕಂಬಳಿ. ಬೆಳ್ಳಿಯ ಆಭರಣಕ್ಕೆ ಯವ್ವನ ಡಾಬು, ಸೊಂಟಕ್ಕೆ ಕಟ್ಟುವ ಪಟ್ಟಿ. ಅದನ್ನು ಕೊಡುವಾಗ ಅವಳು ಪೋಸ್ಟ್‌ಮನ್‌ನಿಗೆ ಹೇಳಿದ ಮಾತು, "ತಮ್ಮಾ, ತ್ವಾಳ ಹಾಳಾಗಿ ಹೋಗ್ಲಿ, ಡಾಬು ಮಾತ್ರ ತಂದುಕೊಡು."

ಇನ್ನು ಬೋರ್ಡು. ಅದರಿಂದಲೇ ಎಲ್ಲ ಸುರುವಾದದ್ದು.

ನಮ್ಮೂರ ಪೇಂಟರ್ ಹಿಂದೆಲ್ಲ ಉರ್ದು ಬೋರ್ಡು ಬರೆದವನು. ಕನ್ನಡ ಅಕ್ಷರವನ್ನು ಚಿತ್ರ ನೋಡಿ ಚಿತ್ರ ಬರೆದಂತೆ ಬರೆಯುತ್ತಿದ್ದ, ತಪ್ಪಿರುತ್ತಿರಲಿಲ್ಲ. ಹೆಡ್ಮಾಸ್ತರರು ಅವನನ್ನು ಕರೆದು, "ಮೇಲೆ 'ತೋಳಮಾನವ' ಅಂತ ಬರಿ. ಕೆಳಗೆ ದೊಡ್ಡದಾಗಿ ಒಂದು ತೋಳ ಬರಿ. ಮೈತುಂಬ ಕೂದಲಿರಲಿ, ಉಗುರು ಉದ್ದವಿರಲಿ, ಹಿಂದೆ ಚಂದ್ರ ಇರಲಿ. ನೋಡಿದವರ ಎದೆ ನಡುಗಬೇಕು" ಎಂದಿದ್ದರು. ಅವನು "ಹೌದ್ರಿ" ಎಂದು ಹೋದ. ನಾಲ್ಕಾರು ಬೋರ್ಡು ಮಾಡಿ, ಸುರಪುರದ ಬಜಾರಿನಲ್ಲಿ ಒಂದು, ಶಹಾಪುರದ ಬಸ್ಸು ನಿಲ್ಲುವಲ್ಲಿ ಒಂದು, ಯಾದಗಿರಿ ಸ್ಟೇಷನ್ನಿನ ಎದುರು ಒಂದು ಹೀಗೆ ನಿಲ್ಲಿಸಿಯೇ ವಾಪಸು ಬಂದ. ಬಜಾರಿನ ಬೋರ್ಡು ನೋಡಲು ನಾನೂ ಹೆಡ್ಮಾಸ್ತರರೂ ಹೋದೆವು.

ಬೋರ್ಡಿನ ತುಂಬ ಒಂದು ಕೈ. ಹೆಗಲಿನಿಂದ ಬೆರಳಿನವರೆಗೆ ಒಂದು ಭಾರಿ ತೋಳು. ಮಾಂಸಖಂಡಗಳು ಗುಡ್ಡದಂತೆ ಎದ್ದಿವೆ. ಮೇಲೆಲ್ಲ ಕಪ್ಪು ಕೂದಲು, ತುದಿಗೆ ಉದ್ದುದ್ದ ಉಗುರು, ಹಿಂದೆ ಚಂದ್ರ.

ನಮ್ಮ ಕಡೆಯ ಬಾಯಲ್ಲಿ ಆ ಪ್ರಾಣಿ ತೋಳವಲ್ಲ, ತ್ವಾಳ. ತೋಟ ತ್ವಾಟವಾಗುತ್ತದೆ, ಕೋಣ ಕ್ವಾಣವಾಗುತ್ತದೆ, ತೋಳ ತ್ವಾಳವಾಗುತ್ತದೆ. 'ತೋಳ' ಆಗುವುದು ತೋಳು. ಹಾಗಾಗಿ 'ತೋಳ' ಎಂದು ಯಾರಾದರೂ ಅಂದರೆ ನಾವು ನೋಡುವುದು ಅವರ ರಟ್ಟೆಯನ್ನು. ವಿಜಾಪುರದ ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತ ನನಗೇ ಇದು ಹೊಳೆದಿರಲಿಲ್ಲ, ಇನ್ನು ಮೈಸೂರಿನವರಿಗೆ ಹೊಳೆಯುವುದು ಹೇಗೆ?

"ಏನಪ್ಪಾ ಇದು?" ಎಂದರು ಹೆಡ್ಮಾಸ್ತರರು.

"ನೀವ ಹೇಳಿದ್ರಲ್ರಿ," ಎಂದ ಪೇಂಟರ್, "ದೊಡ್ಡ ತೋಳ ಬರಿ, ಕೂದಲ ಇರ್ಲಿ, ಉಗುರು ಉದ್ದ ಇರ್ಲಿ ಅಂತ. ಉಗುರು ಯಾಕ ಬೇಕಂತ ನನಗೂ ತಿಳೀಲಿಲ್ರಿ. ದೊಡ್ಡವರು ಹೇಳ್ಯಾರ, ಇರ್ಲಿ ಅಂತ ಹಾಕೀನಿ."

ಬೋರ್ಡು ಬದಲಿಸಲು ಬಣ್ಣವೂ ಉಳಿದಿರಲಿಲ್ಲ, ದಿನವೂ ಉಳಿದಿರಲಿಲ್ಲ. ಹೆಡ್ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದು ಆ ಕೈಯನ್ನು ನೋಡಿದರು. "ಇರಲಿ ಬಿಡಮ್ಮ, ಸಾಂಕೇತಿಕವಾಗಿದೆ" ಎಂದರು.

ಆದರೆ ಜನ ಅದನ್ನು ಸಾಂಕೇತಿಕವಾಗಿ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ತಾಲೀಮು ಎಂದರೆ ನಾಟಕದ ಅಭ್ಯಾಸವೂ ಹೌದು, ಕುಸ್ತಿಯ ಅಭ್ಯಾಸವೂ ಹೌದು. ಬಜಾರಿನಲ್ಲಿ ರಟ್ಟೆಯ ಬೋರ್ಡು, ಹೈಸ್ಕೂಲಿನಲ್ಲಿ ದಿನಾ ಗಂಟೆ ಬಾರಿಸಿ ತಾಲೀಮು. ಸೀಗಿ ಹುಣ್ಣಿಮೆಗೆ ಭಾರಿ ಕುಸ್ತಿ ಇದೆ, ಕೈತುಂಬ ಕೂದಲಿರುವ ಯಾರೋ ಪರದೇಶಿ ಪೈಲ್ವಾನ ಬರುತ್ತಾನೆ ಎಂದು ಸುತ್ತಲಿನ ಊರೆಲ್ಲ ತಿಳಿಯಿತು.

ಇದರ ಮೇಲೆ ಹೆಡ್ಮಾಸ್ತರರು ಇನ್ನೊಂದು ಸಂತೋಷದ ಸುದ್ದಿ ತಂದರು. ಅಣ್ಣನ ಕಚೇರಿಗೆ ಪರೀಕ್ಷೆ ಮಾಡಲು ಬರುವ ಸಾಹೇಬರು ಮೈಸೂರಿನ ಕಡೆಯವರೇ, ಹಬ್ಬದ ಮರುದಿನ ಪರೀಕ್ಷೆ, ಒಂದು ದಿನ ಮೊದಲೇ ಯಾದಗಿರಿಗೆ ರೈಲಿನಲ್ಲಿ ಬಂದು ಸುರಪುರ ಸೇರುತ್ತಾರೆ, ಆದ್ದರಿಂದ ನಾಟಕಕ್ಕೆ ಅವರೇ ಮುಖ್ಯ ಅತಿಥಿ. ಅಣ್ಣ ಒಡೆಯನ ಹಾಳೆಗಳನ್ನು ತಂದು ನನ್ನ ಮುಂದಿಟ್ಟ.

"ತಂಗೀ, ನಾ ಒಲ್ಲೆ. ನಾಳಿನ ಸೋಲು ಇವತ್ತ ಊರ ಮುಂದ ಸೋಲಬೇಕೇನ?"

"ಈಗ ಹಿಂದ ಸರದ್ರ ಹೈದರಾಬಾದಿಗೆ ಟಿಕೀಟ ತಗೊಂಡಂಗ" ಎಂದೆ.

ಯವ್ವ ಬೇರೆಯದೇ ಕಾರಣ ಹೇಳಿದಳು. "ನನ್ನ ಮಗ ತ್ವಾಳ ಆಗ್ತಾನ ಅಂತ ಕುರುಬರ ಮಂದಿಗೆಲ್ಲಾ ಹೇಳೀನಿ. ನಿಮ್ಮ ಕಾಕಾ ಹಟ್ಟಿ ಎತ್ತಿಕೊಂಡು ಬಂದಾನ. ಈಗ ಆಗಂಗಿಲ್ಲಂದ್ರ ಹ್ಯಾಂಗ?"

ಕಾಕಾ ಬಂದದ್ದು ನಿಜ. ಅವನ ಮಂದೆಯನ್ನು ಹೈಸ್ಕೂಲಿನ ಹಿಂದಿನ ಹೊಲದಲ್ಲಿ ಗೊಬ್ಬರಕ್ಕೆಂದು ತರುಬಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಅದರ ಅರ್ಥ ಏನೆಂದು ಯಾರಿಗೂ ಹೊಳೆಯಲಿಲ್ಲ.

ಸೀಗಿ ಹುಣ್ಣಿಮೆಯ ದಿನ ಜನ ಹೊಲಗಳಿಗೆ ಹೋಗಿ ಭೂಮಿಗೆ ಎಡೆಯ ಅನ್ನ ಎರಚಿ ಚರಗ ಚೆಲ್ಲಿ, ಕಡುಬು, ಸಜ್ಜೆರೊಟ್ಟಿ, ಪುಂಡಿಪಲ್ಲೆ ಉಂಡು, ಉಳಿದದ್ದನ್ನು ಬುತ್ತಿ ಕಟ್ಟಿಕೊಂಡು ನೇರ ನಾಟಕಕ್ಕೇ ಬಂದರು. ಮುಂದೆ ಕುರ್ಚಿಯಲ್ಲಿ ಸಾಹೇಬರು, ದುಂಡು ಮುಖ, ಕಪ್ಪು ಕೋಟು. ಪಕ್ಕದಲ್ಲಿ ಹೆಡ್ಮಾಸ್ತರರು. ಅವರ ಹಿಂದೆ ಸಾಲುಸಾಲಾಗಿ ಪೈಲ್ವಾನರು. ಬದಿಗೆ ಹೆಂಗಸರು. ಎಲ್ಲರ ಹಿಂದೆ ಕಂಬಳಿ ಹೊದ್ದ ಕುರುಬರು, ಅವರ ನಾಯಿಗಳು. ಹೊತ್ತು ಮುಳುಗಿತು. ನಾನು ಗಂಟೆ ಬಾರಿಸಿದೆ. ಪರದೆ ಎದ್ದಿತು. ಕೋಟೆಯ ಮಂಜಿಗೆಂದು ನಾವು ನಾಲ್ಕು ಮೂಲೆಗೆ ಲೋಬಾನ ಹಾಕಿ ಹೊಗೆ ಎಬ್ಬಿಸಿದ್ದೆವು. ಹೊಗೆ ಮುಂದೆ ಹೋದೊಡನೆ ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈಮುಗಿದರು. ದರ್ಗಾದ ವಾಸನೆ ಅಲ್ಲವೇ. ಪಾಳುಕೋಟೆಯ ಭಯಂಕರ ದೃಶ್ಯಕ್ಕೆ ಇಷ್ಟು ಭಕ್ತಿ ಯಾಕೆ ಬಂತು ಎಂದು ಹೆಡ್ಮಾಸ್ತರರು ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದರು.

ಅಣ್ಣ ಒಡೆಯನಾಗಿ ಬಂದ. ಸಾಹೇಬರನ್ನು ನೋಡಿದ. ನಾಲಿಗೆ ಹಿಡಿಯಿತು. ನಾನು ಪರದೆಯ ಹಿಂದಿನಿಂದ ಒಂದೊಂದೇ ಪದ ಎತ್ತಿಕೊಟ್ಟೆ, ಅವನು ಒಂದೊಂದೇ ಪದ ಕೆಳಗಿಟ್ಟ. ಎರಡು ಸಲ ಉರ್ದು ಬಂದೇಬಿಟ್ಟಿತು. ಹುಡುಗಿಗೆ ಸ್ವಲ್ಪ ನಿಲ್ಲು ಎನ್ನುವ ಬದಲು "ಪ್ರಿಯೇ, ಜರಾ ಠಹರೋ" ಎಂದಾಗ ಸಾಹೇಬರು ಹೆಡ್ಮಾಸ್ತರರ ಕಿವಿಯಲ್ಲಿ ಏನೋ ಕೇಳಿದ್ದು ನನಗೆ ಪರದೆಯ ತೂತಿನಿಂದ ಕಂಡಿತು. ಮುಂದಿನ ಪದವನ್ನು ಇನ್ನಷ್ಟು ಗಟ್ಟಿಯಾಗಿ ಎತ್ತಿಕೊಟ್ಟೆ. ಪೈಲ್ವಾನರೂ ತಾಳ್ಮೆ ಕಳೆದುಕೊಳ್ಳುತ್ತಿದ್ದರು.

"ಏ, ಪ್ಯಾಟಿ ಮಾತ ಸಾಕಲೇ! ಕುಸ್ತಿ ಯಾವಾಗ?"

"ಈ ಹೆಣ್ಮಗಳಾ ಹಿಡಿಯಾಕಿ? ರಟ್ಟಿ ನೋಡ್ರಿ ಹ್ಯಾಂಗ ಅದಾವ!"

ಅಷ್ಟರಲ್ಲಿ ಬೆಟ್ಟದ ಮೇಲೆ ಚಂದ್ರ ಬಂದ. ತಾಂಬಾಣದ ತಟ್ಟೆಯಷ್ಟು ದೊಡ್ಡದಾಗಿ, ನಾವು ಲೆಕ್ಕ ಹಾಕಿದ ಹೊತ್ತಿಗೆ ಸರಿಯಾಗಿ. ಅಣ್ಣ ಕಂಬಳಿ ಹೊದ್ದು, ಮುಖಕ್ಕೆ ಮೇಕೆಯ ಕೂದಲು ಅಂಟಿಸಿಕೊಂಡು, ಹಲಗೆಯ ಬಂಡೆ ಹತ್ತಿ ತಲೆ ಮೇಲೆತ್ತಿದ. ಚಂದ್ರನಿಗೆ ಹೇಳಬೇಕಾದ ರೋಮಕೂಪದ ಮಾತು ಮರೆತುಹೋಯಿತು. ನಾನು ಎತ್ತಿಕೊಟ್ಟೆ. ಅವನಿಗೆ ಕೇಳಿಸಲಿಲ್ಲ. ಮಾತಿನ ಬದಲು ಕೂಗಿದ.

ತಾಲೀಮಿನಲ್ಲಿ ಅವನು ಹಾಗೆ ಕೂಗಿದ್ದಿಲ್ಲ. ಅಷ್ಟು ದಿನದ ಅಂಜಿಕೆಯೆಲ್ಲ ಆ ಕೂಗಿನೊಳಗೆ ಇತ್ತೇನೋ. ಬೆಟ್ಟ ಅದನ್ನು ತಿರುಗಿಸಿ ಕೂಗಿತು. ಮೊದಲು ನಾಯಿಗಳು ಎದ್ದವು. ಆಮೇಲೆ ಹಿಂದಿನ ಹೊಲದಲ್ಲಿ ಏನೋ ದಡದಡ ಅಂದಿತು. ಮರುಕ್ಷಣ ರಾಜದರ್ಬಾರಿನ ಪರದೆ ಹೊಟ್ಟೆ ಉಬ್ಬಿಸಿಕೊಂಡು, ಹರಿದು, ಕಾಕಾನ ಇಡೀ ಮಂದೆ ಪಾಳುಕೋಟೆಯೊಳಗಿಂದ ಹೊರಗೆ ಬಂತು. ನಾನು ಕಂದೀಲು ಎತ್ತಿಕೊಂಡು ಮೂಲೆಗೆ ಸರಿದೆ. ಕುರಿಗಳು ಬಂಡೆ ಕೆಡವಿ, ಲೋಬಾನ ಕೆಡವಿ, ಸೀದಾ ಜನರ ಮೇಲೆ ಹಾರಿದವು. ಪೋಸ್ಟ್‌ಮನ್ ಸೆರಗು ಬಿಟ್ಟು, ಮೀಸೆ ಕಾಣಿಸುತ್ತ, ಎದುರು ಬಂದ ಟಗರಿಗೇ ಬೆಳ್ಳಿ ಡಾಬು ಎಸೆದ. ಅದು ಕೊಂಬಿಗೆ ಸಿಕ್ಕಿಕೊಂಡು ಟಗರಿನ ಜೊತೆ ಹೋಯಿತು.

"ಅಯ್ಯಯ್ಯ, ನನ್ನ ಡಾಬು!" ಎಂದು ಯವ್ವ ಅದರ ಹಿಂದೆ ಹೋದಳು.

ಇದೆಲ್ಲ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಹಿಂದೆ ಕುಳಿತ ಕುರುಬರಿಗೆ ಮಂದೆ ಬೆದರಿದ್ದಷ್ಟೇ ಕಂಡಿತು. "ತ್ವಾಳ ಬಂತಲೇ! ತ್ವಾಳ!" ಎಂದು ಎದ್ದವರೇ ಕವಣೆ ಬಿಚ್ಚಿದರು. ವೇದಿಕೆಯ ಮೇಲೆ ಚಂದ್ರನ ಬೆಳಕಿನಲ್ಲಿ ಕರಿ ಕೂದಲಿನ ಒಂದು ಆಕಾರ ನಿಂತಿತ್ತು. ಕವಣೆಯ ಕಲ್ಲು ತಲೆಗೆ ಬಿದ್ದರೆ ಮನುಷ್ಯನೂ ಒಂದೇ, ತ್ವಾಳವೂ ಒಂದೇ.

ಅಣ್ಣ ಮುಖದ ಕೂದಲು ಕಿತ್ತೆಸೆದು ಮುಂದೆ ಬಂದು ನಿಂತ.

"ಕವಣಿ ಕೆಳಗಿಡ್ರೋ! ಏ ಕಾಕಾ, ನಾನ ಅದೀನಿ, ನಿಮ್ಮಣ್ಣನ ಮಗ! ತ್ವಾಳ ಇಲ್ಲ, ಗೀಳ ಇಲ್ಲ, ತಾಲೂಕ ಆಫೀಸಿನ ಗುಮಾಸ್ತ ಅದೀನಿ! ನಾಯಿ ಹಿಡೀರಿ ಮೊದ್ಲ! ಯವ್ವಾ, ಟಗರಿನ ಹಿಂದ ಓಡಬ್ಯಾಡ, ಅದ ತಾನ ಬರ್ತೈತಿ! ಪೈಲ್ವಾನ್ರ, ಹೊತ್ತ ಮುಳುಗಿದಾಗಿಂದ ಕುಸ್ತಿ ಕುಸ್ತಿ ಅಂತ ಬಡಕೊಂಡ್ರಲ್ಲಾ, ಬರ್ರಿ ಈಗ! ಒಬ್ಬೊಬ್ರು ಎರಡೆರಡು ಟಗರು ಹಿಡೀರಿ, ನಿಮ್ಮ ತೋಳ ಎಷ್ಟ ಗಟ್ಟಿ ಅದಾವ ನೋಡೂಣು!"

ಪೈಲ್ವಾನರು ಹೋ ಎಂದು ಎದ್ದರು. ಇದಕ್ಕಾಗಿಯೇ ಅವರು ಅಷ್ಟು ದೂರದಿಂದ ಬಂದಂತಿತ್ತು. ಆ ಕುಸ್ತಿಯಲ್ಲಿ ಕೆಲವರು ಗೆದ್ದರು, ಕೆಲವು ಟಗರುಗಳು ಗೆದ್ದವು. ಅಣ್ಣ ನಾಲಿಗೆ ಲೊಟಕಿಸಿ ಕುರಿಗಳನ್ನು ಕರೆಯುತ್ತ ನಡುವೆ ತಿರುಗಿದ, ಅವೂ ಒಂದೊಂದಾಗಿ ಗುಂಪಿಗೆ ಬಂದವು. ಸಾಹೇಬರು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಎದ್ದೇಳಲು ಆಗುತ್ತಿರಲಿಲ್ಲ, ತೊಡೆಯ ಮೇಲೆ ಒಂದು ಕುರಿಮರಿ ಹತ್ತಿ ಕುಳಿತು ಅವರ ಕಿವಿಯಲ್ಲೇ ಒದರುತ್ತಿತ್ತು.

ಆ ಮರಿಯೊಂದನ್ನು ಬಿಟ್ಟು ಎಲ್ಲ ತಣ್ಣಗಾದ ಮೇಲೆ ಒಬ್ಬ ಮುದುಕಿ ಕೇಳಿದಳು, "ಎಲ್ಲಾ ಖರೇ ತಮ್ಮಾ, ಕಡೀಕ ಆ ಒಡೆಯ ಏನಾದ?"

ಪರದೆ ಹರಿದಿತ್ತು, ಬಂಡೆ ಮುರಿದಿತ್ತು, ಹುಡುಗಿ ಬೀಡಿ ಸೇದುತ್ತ ಕುಳಿತಿದ್ದಳು. ಅಣ್ಣ ವೇದಿಕೆಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತು, "ಆಮ್ಯಾಲೆ ಏನಾತಂದ್ರ" ಎಂದು ಸುರು ಮಾಡಿ ಉಳಿದ ಕಥೆಯನ್ನೆಲ್ಲ ಬಾಯಲ್ಲೇ ಹೇಳಿಬಿಟ್ಟ. ಒಡೆಯ ಹ್ಯಾಗೆ ಬೆವತ, ಹುಡುಗಿ ಕಿಟಕಿಯಲ್ಲಿ ಹ್ಯಾಗೆ ಹಣಿಕಿ ಹಾಕಿದಳು, ಬೆಳ್ಳಿ ತಾಗಿದಾಗ ಕೂದಲು ಹ್ಯಾಗೆ ಸುರಿದವು. ಪೈಲ್ವಾನರು ಕುರಿ ಹಿಡಿದುಕೊಂಡೇ ಬಾಯಿ ತೆರೆದು ಕೇಳಿದರು. ನಾನು ಹಾಳೆ ತಿರುವುವುದನ್ನು ಬಿಟ್ಟೆ. ಎತ್ತಿಕೊಡುವುದಕ್ಕೆ ಏನೂ ಇರಲಿಲ್ಲ. ಒಂದು ಸಲವೂ ಅವನ ನಾಲಿಗೆ ಉರ್ದುವಿನ ಕಡೆ ತಿರುಗಲಿಲ್ಲ.

ಆದರೆ ಮನೆಗೆ ಬರುವಾಗ ಅವನಿಗೆ ಅದರ ಸಂತೋಷವಿರಲಿಲ್ಲ.

"ಸಾಹೇಬರ ಕೋಟಿನ ಮ್ಯಾಲ ಕುರಿಮರಿ ಹಿಕ್ಕಿ ಹಾಕಿತು, ನೋಡಿದಿಲ್ಲ? ಆತು, ನಡಿ. ಟ್ರಂಕ ತೆಗೆದಿಡು."

ಮರುದಿನ ದಸರೆಯ ರಜೆ ಮುಗಿದು ನಮ್ಮ ಶಾಲೆ ಸುರುವಾಯಿತು. ಅಣ್ಣ ಬಿಳಿ ಟೊಪ್ಪಿಗೆ ಹಾಕಿಕೊಂಡು ಪರೀಕ್ಷೆಗೆ ಹೋದ. ನಾನು ಸಣ್ಣ ಹುಡುಗಿಯರಿಗೆ ಕಾಗುಣಿತ ಹೇಳಿಕೊಡುತ್ತಿದ್ದೆ. ನಮ್ಮ ಶಾಲೆಗೂ ತಾಲೂಕು ಕಚೇರಿಗೂ ನಡುವೆ ಒಂದು ಓಣಿ. ಇದ್ದಕ್ಕಿದ್ದಂತೆ ಆ ಓಣಿಯ ಆಚೆಯಿಂದ, ನಡುಹಗಲಿನಲ್ಲಿ, ಅದೇ ಕೂಗು ಎದ್ದಿತು. ಸಣ್ಣದಾಗಿ ಎದ್ದು, ನಡುವೆ ಮುರಿದು, ಬೆಟ್ಟಕ್ಕೆ ತಾಗಿ ವಾಪಸು ಬಂತು. ಹುಡುಗಿಯರು ಚೀರಿ ನನ್ನ ಸೀರೆ ಹಿಡಿದುಕೊಂಡರು.

"ಅಕ್ಕೋರ, ತ್ವಾಳ ಬಂತ್ರಿ!"

ಪರೀಕ್ಷೆಯ ಕೋಣೆಯಲ್ಲಿ ಮನುಷ್ಯ ಯಾಕೆ ಕೂಗುತ್ತಾನೆ? ಪಾಸಾದ ಸಂತೋಷಕ್ಕೋ, ಮತ್ತೆ ನಾಲಿಗೆ ಹಿಡಿದು ತಲೆ ಕೆಟ್ಟಿತೋ? ಓಡಿಹೋಗಿ ನೋಡಬೇಕು ಅನ್ನಿಸಿತು. ಆದರೆ ಗಂಟೆಗೆ ಇನ್ನೂ ಹೊತ್ತಿತ್ತು. "ಕುಂದರ್ರಿ. ತ ತಾ ತಿ ತೀ" ಎಂದೆ. ಹುಡುಗಿಯರು ಕುಳಿತರು. ಅವತ್ತು 'ತೋ' ಬಂದಾಗ ನಾನು ಕಿಟಕಿಯ ಕಡೆ ನೋಡಿರಬಹುದು. ಗಂಟೆ ಬಾರಿಸಿದ ಮೇಲೆಯೇ ನಾನು ಹೊರಗೆ ಕಾಲಿಟ್ಟದ್ದು, ಕಾಲಿಟ್ಟ ಮೇಲೆ ಮಾತ್ರ ಓಡಿದೆ.

ಅಣ್ಣ ಕಚೇರಿಯ ಬೇವಿನ ಗಿಡದ ಕೆಳಗೆ ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದ. ನಡೆದದ್ದನ್ನು ಅವನೇ ಹೇಳಿದ.

ಸಾಹೇಬರು ಊರಿನ ಬಗ್ಗೆ ಕೇಳಲಿಲ್ಲ, ರಾಜ್ಯದ ಬಗ್ಗೆಯೂ ಕೇಳಲಿಲ್ಲ. "ನಿನ್ನೆ ಆ ಕಥೆಯ ಕೊನೆ ನನಗೆ ಕೇಳಿಸಲೇ ಇಲ್ಲ ಕಣ್ರೀ, ಕುರಿಮರಿ ಕಿವಿಯಲ್ಲಿ ಅರಚುತ್ತಿತ್ತು. ಅವನಿಗೆ ಏನಾಯಿತು, ಹೇಳಿ" ಎಂದರಂತೆ. ಅಣ್ಣ ಮೊದಲು ನಾಟಕದ ಕನ್ನಡದಲ್ಲಿ ಸುರು ಮಾಡಿದ, ಸಿಕ್ಕಿಕೊಂಡ, ಬೆವತ. ಆಮೇಲೆ ಕಣ್ಣು ಮುಚ್ಚಿ, ಎದುರಿಗಿರುವುದು ನಿನ್ನೆಯ ಮುದುಕಿ ಎಂದುಕೊಂಡು, "ಆಮ್ಯಾಲೆ ಏನಾತಂದ್ರ" ಎಂದು ಹೊರಟ. ಸಾಹೇಬರು ನಡುನಡುವೆ ತಡೆದು ಕೇಳಿದರು.

"ಹಣಿಕಿ ಹಾಕೋದು ಅಂದ್ರೆ?"

"ಇಣುಕಿ ನೋಡೂದ್ರಿ."

"ಗೀಳ ಅಂದ್ರೆ? ನಿನ್ನೆ 'ತ್ವಾಳ ಇಲ್ಲ ಗೀಳ ಇಲ್ಲ' ಅಂದಿರಲ್ಲ. ಅದು ಯಾವ ಪ್ರಾಣಿ?"

"ಅದು ಪ್ರಾಣಿ ಅಲ್ರಿ ಸಾಹೇಬ. ಅದು ಸಿಟ್ಟಿನ್ಯಾಗ ತಾನ ಹುಟ್ಟತೈತ್ರಿ."

ಸಾಹೇಬರು ನಕ್ಕರಂತೆ. "ನಿಮ್ಮ ಕನ್ನಡ ನನಗೆ ಅರ್ಧ ತಿಳಿಯೋದಿಲ್ಲ" ಎಂದರಂತೆ.

"ನಿಮ್ದೂ ನಮಗ ಅರ್ಧ ತಿಳಿಯಂಗಿಲ್ರಿ," ಎಂದನಂತೆ ಅಣ್ಣ. "ಎರಡೂ ಕೂಡಸಿದ್ರ ಪೂರ್ತಿ ಒಂದ ಆಗ್ತೈತ್ರಿ."

ಅಷ್ಟು ಹೇಳಿ ಅಣ್ಣ ಮತ್ತೆ ಟೊಪ್ಪಿಗೆಯಿಂದ ಗಾಳಿ ಹಾಕಿಕೊಳ್ಳತೊಡಗಿದ.

"ಮುಂದ? ಪಾಸೋ, ನಪಾಸೋ?" ಎಂದೆ.

"ತಡಿ. ಆಮ್ಯಾಲೆ ಕೇಳಿದ್ರು, 'ತೋಳ ಅಂದ್ರೆ ಏನು, ಹೇಳಿ' ಅಂತ. ನಾ ಅಂಗಿ ತೋಳ ಮ್ಯಾಲ ಏರಿಸಿ ರಟ್ಟಿ ತೋರಸ್ದೆ."

"ಅಯ್ಯ ದೇವರ!"

"ಅವರು ಟೇಬಲ್ ಬಡದು ಬಡದು ನಕ್ರು. 'ಬೋರ್ಡು ನೋಡಿದ್ದೆ ಯಾದಗಿರೀಲಿ, ಈಗ ಅರ್ಥವಾಯ್ತು' ಅಂದ್ರು. 'ನೀವು ಇಲ್ಲೇ ಇರಿ, ಇಲ್ಲಿಯ ಜನ ಏನು ಹೇಳ್ತಾರೆ ಅಂತ ನಮಗೆ ಹೇಳೋರು ಒಬ್ಬರು ಬೇಕು. ಪಾಸು, ಹೋಗಿ' ಅಂದ್ರು. ನಾ ಬಾಗಿಲತನಕ ಬಂದಿದ್ದೆ, ಮತ್ತ ಕರದ್ರು. 'ನನ್ನ ಜೊತೆ ಬಂದವರು ನಿನ್ನೆ ನಾಟಕ ನೋಡಲಿಲ್ಲ, ಒಂದು ಸಲ ಕೂಗಿ ತೋರಿಸಿ' ಅಂದ್ರು. ಕೂಗಿದೆ."

ನಾವು ಮನೆಗೆ ಬಂದಾಗ ಯವ್ವ ಹೊಸ್ತಿಲ ಮೇಲೆ ಕೋಲು ಹಿಡಿದು ಕುಳಿತಿದ್ದಳು. ಕೂಗು ಅವಳಿಗೂ ಕೇಳಿಸಿತ್ತು. ಮೊದಲು ಕುರಿ ದೊಡ್ಡಿಯ ಬಾಗಿಲು ಹಾಕಿ, ಆಮೇಲೆ ಮಗನ ಚಿಂತೆ ಮಾಡಿದೆ ಎಂದಳು. ಪಾಸಾದ ಸುದ್ದಿ ಕೇಳಿ ಕೋಲು ಕೆಳಗಿಟ್ಟು, ಸೊಂಟದ ಮೇಲೆ ಕೈಯಾಡಿಸಿಕೊಂಡಳು. ಡಾಬು ಅಲ್ಲಿತ್ತು, ಟಗರಿನ ಕೊಂಬಿಗೆ ಸಿಕ್ಕು ಒಂದು ಕಡೆ ಸ್ವಲ್ಪ ಸೊಟ್ಟಗಾಗಿ.

ಬೋರ್ಡನ್ನು ಹೆಡ್ಮಾಸ್ತರರು ಅಳಿಸಿ ಬೇರೆ ನಾಟಕಕ್ಕೆ ಬಳಸಬೇಕೆಂದಿದ್ದರು. ಹೋಗಿ ನೋಡಿದರೆ ಬಜಾರಿನಲ್ಲಿ ಅದು ಇರಲಿಲ್ಲ. ನಮ್ಮೂರಿನ ಪೈಲ್ವಾನರು ಅದನ್ನು ಹೊತ್ತೊಯ್ದು ತಮ್ಮ ತಾಲೀಮಿನ ಮನೆಯ ಬಾಗಿಲ ಮೇಲೆ ಹೊಡೆದುಕೊಂಡಿದ್ದರು, ಕೂದಲು, ಉಗುರು, ಚಂದ್ರ ಎಲ್ಲ ಸಹಿತ. ಬಣ್ಣ ಪೂರ್ತಿ ಹಾರುವವರೆಗೆ ಅದು ಅಲ್ಲೇ ಇತ್ತು. ಶಾಲೆಗೆ ಹೋಗುವಾಗ ದಿನಾ ಅದರ ಮುಂದೆ ಹಾದು ಹೋಗುತ್ತಿದ್ದೆ, ಹೊತ್ತಿಗೆ ಸರಿಯಾಗಿ.